ಮರೆವಿನ ಕಾಯಿಲೆ: ರಕ್ತವೋ, ಬೆನ್ನಿನ ನೀರೋ? ಯಾವ ಪ್ರಶ್ನೆಗೆ ಯಾವ ಪರೀಕ್ಷೆ

"ಅಮ್ಮನಿಗೆ ಮರೆವು ಜಾಸ್ತಿಯಾಗಿದೆ. ರಕ್ತ ಕೊಟ್ಟರೆ ಅಲ್ಝೈಮರ್ಸ್ ಹೌದೋ ಅಲ್ಲವೋ ಗೊತ್ತಾಗುತ್ತಂತೆ, ನಿಜಾನಾ?"

ನಿಜ, ಆದರೆ ಅರ್ಧ ನಿಜ. ರಕ್ತ ಹೇಳುವುದು ಮಿದುಳಿನಲ್ಲಿ ಅಲ್ಝೈಮರ್ಸ್ ಬದಲಾವಣೆ ಶುರುವಾಗಿದೆಯಾ ಇಲ್ಲವಾ ಅಂತ. ಅಮ್ಮನ ಮರೆವಿಗೆ ಅದೇ ಕಾರಣವಾ ಅನ್ನುವುದು ಬೇರೆ ಪ್ರಶ್ನೆ. ಇವೆರಡನ್ನು ಕಲಸಿಬಿಟ್ಟರೆ ಎಂಥ ಒಳ್ಳೆ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ.

ಹಾಗಾಗಿ ಪರೀಕ್ಷೆ ಆರಿಸುವ ಮೊದಲು ಪ್ರಶ್ನೆ ಆರಿಸಬೇಕು. ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಮೂರೇ. ಇದು ಅಲ್ಝೈಮರ್ಸಾ? ನರಕೋಶಗಳಿಗೆ ನಿಜವಾಗಿ ಪೆಟ್ಟು ಬೀಳುತ್ತಿದೆಯಾ, ಅಥವಾ ಇದು ಖಿನ್ನತೆಯಂಥ ಬೇರೆ ತೊಂದರೆಯಾ? ಅಲ್ಝೈಮರ್ಸ್ ಅಲ್ಲದಿದ್ದರೆ ಮತ್ತೇನು? ಒಂದೊಂದಕ್ಕೂ ಬೇರೆ ಬೇರೆ ಗುರುತು ಇದೆ, ಅಂದರೆ ರಕ್ತದಲ್ಲೋ ಬೆನ್ನಿನ ನೀರಿನಲ್ಲೋ (ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ಅಳೆಯಬಹುದಾದ ಪ್ರೋಟೀನ್. ಮೂರಕ್ಕೂ ಉತ್ತರ ಕೊಡುವ ಒಂದೇ ಪರೀಕ್ಷೆ ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ಥೈರಾಯ್ಡ್, ಬಿ12, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ನಿದ್ದೆ, ಕಿವಿ ಕೇಳಿಸುತ್ತದೆಯಾ, ಮಿದುಳಿನ ಸ್ಕ್ಯಾನ್, ಕೂತು ಮಾಡುವ ನೆನಪಿನ ಪರೀಕ್ಷೆ ಇವೆಲ್ಲ ಮೊದಲು ಆಗಬೇಕು. ಬಿ12 ಕೊರತೆಯಿಂದ ಬಂದ ಮಂಕಿಗೆ ಟೌ ಅನ್ನುವ ಮಿದುಳಿನ ಪ್ರೋಟೀನ್ ಅಳೆಯುವುದು ಸುಮ್ನೆ ದಂಡ.

ಅಳೆಯುವುದು ಏನನ್ನು?

1906ರಲ್ಲಿ ಅಲೋಯಿಸ್ ಅಲ್ಝೈಮರ್ ತಮ್ಮ ರೋಗಿ ತೀರಿಹೋದ ಮೇಲೆ ಆಕೆಯ ಮಿದುಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಎರಡು ವಸ್ತುಗಳ ಬಗ್ಗೆ ಹೇಳಿದರು. ಕೋಶಗಳ ಹೊರಗೆ ಕೂತ ಗಡ್ಡೆಗಳು, ಒಳಗೆ ಸಿಕ್ಕು ಬಿದ್ದ ಎಳೆಗಳು. ಗಡ್ಡೆ ಅಂದರೆ ಅಮೈಲಾಯ್ಡ್ ಬೀಟಾ ಅನ್ನುವ ಪ್ರೋಟೀನ್, ಸಿಕ್ಕು ಅಂದರೆ ಟೌ. ಆಮೇಲೆ ಬಹಳ ವರ್ಷ ಖಚಿತ ಉತ್ತರ ಸಿಗುತ್ತಿದ್ದದ್ದು ಶವಪರೀಕ್ಷೆಯಲ್ಲಿ ಮಾತ್ರ. ಇವತ್ತಿನ ಪರೀಕ್ಷೆಗಳು ಹುಡುಕುವುದೂ ಅದೇ ಎರಡರ ಸುಳಿವನ್ನೇ, ಆದರೆ ಬದುಕಿರುವಾಗ.

ಇಲ್ಲೊಂದು ತಮಾಷೆ ಇದೆ. ಮಿದುಳಿನಲ್ಲಿ ಅಮೈಲಾಯ್ಡ್ ಜಾಸ್ತಿಯಾದರೆ ಬೆನ್ನಿನ ನೀರಿನಲ್ಲಿ ಅದು ಕಡಿಮೆಯಾಗುತ್ತದೆ. ಅಮೈಲಾಯ್ಡ್ ಬೀಟಾ 42 ಅನ್ನುವ ಅಂಟು ತುಣುಕು ಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡು ದ್ರವಕ್ಕೆ ಅಷ್ಟಾಗಿ ಹರಿದು ಬರುವುದಿಲ್ಲ. ವರದಿಯಲ್ಲಿ "ಕಡಿಮೆ" ಅಂತ ನೋಡಿ ಖುಷಿಪಡುವವರಿದ್ದಾರೆ, ಪಾಪ. ಇಲ್ಲಿ ಕಡಿಮೆ ಅಂದರೆ ಒಳ್ಳೆಯದಲ್ಲ.

42ನ್ನು ಒಂದನ್ನೇ ನೋಡಿದರೂ ಸಾಲದು. ಕೆಲವರ ದೇಹ ಹುಟ್ಟಿನಿಂದಲೇ ಅಮೈಲಾಯ್ಡ್ ಜಾಸ್ತಿ ತಯಾರಿಸುತ್ತದೆ, ಕೆಲವರದ್ದು ಕಡಿಮೆ. ಅದಕ್ಕೇ ಅಂಟಿಕೊಳ್ಳುವ ಗುಣ ಕಡಿಮೆ ಇರುವ ಬೀಟಾ 40ರ ಜೊತೆ ಹೋಲಿಸಿ 42/40 ಅನುಪಾತ ತೆಗೆಯುತ್ತಾರೆ. ವರದಿಯಲ್ಲಿ ಬರೀ 42 ಇದ್ದು ಅನುಪಾತ ಇಲ್ಲದಿದ್ದರೆ, ಕೇಳಿ ಪಡೆಯಿರಿ.

ಟೌ ವಿಷಯದಲ್ಲಿ ಎರಡು ಹೆಸರು ಕಾಣುತ್ತವೆ. ಒಟ್ಟು ಟೌ ಒಂದು, ಪಿ-ಟೌ ಇನ್ನೊಂದು. ಒಟ್ಟು ಟೌ ಪಾರ್ಶ್ವವಾಯು ಆದರೂ ಏರುತ್ತದೆ, ಹಾಗಾಗಿ ಅದರ ಮಾತಿಗೆ ತೂಕ ಕಡಿಮೆ. ಪಿ-ಟೌ ಅಂದರೆ ಫಾಸ್ಫೇಟ್ ಅಂಟಿಸಿಕೊಂಡ ಟೌ. 181, 217 ಅನ್ನುವ ಸಂಖ್ಯೆಗಳು ಪ್ರೋಟೀನಿನ ಸರಪಳಿಯಲ್ಲಿ ಆ ಫಾಸ್ಫೇಟ್ ಎಷ್ಟನೇ ಕೊಂಡಿಗೆ ಅಂಟಿದೆ ಅಂತ ಹೇಳುತ್ತವೆ. ಸಂಖ್ಯೆ ದೊಡ್ಡದಾದರೆ ಕಾಯಿಲೆ ದೊಡ್ಡದು ಅಂತೇನೂ ಇಲ್ಲ.

ಬೆನ್ನಿನ ನೀರು: ಹಳಬ, ನಂಬಿಗಸ್ಥ

ಬೆನ್ನಿಗೆ ಸೂಜಿ ಅಂದ ಕೂಡಲೇ ಎಲ್ಲರೂ ಹೆದರುತ್ತಾರೆ. ಆದರೆ ಸೂಜಿ ಹೋಗುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಮುಗಿದ ಜಾಗದಿಂದ ಕೆಳಗೆ. ಹುರಿಗೆ ಚುಚ್ಚಿ ಕಾಲು ಸ್ವಾಧೀನ ತಪ್ಪುತ್ತದೆ ಅನ್ನುವ ಭಯಕ್ಕೆ ಅಲ್ಲಿ ಆಧಾರ ಇಲ್ಲ. ದೊಡ್ಡವರ ದೇಹದಲ್ಲಿ ಈ ನೀರು ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ಪರೀಕ್ಷೆಗೆ ಹತ್ತು ಮಿಲಿಲೀಟರ್ ತೆಗೆದರೆ ಅರ್ಧ ಗಂಟೆಯಲ್ಲಿ ದೇಹ ಅದನ್ನು ತುಂಬಿಕೊಳ್ಳುತ್ತದೆ.

ನಿಜವಾದ ತೊಂದರೆ ತಲೆನೋವು. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಸೂಜಿಯ ತುದಿಯ ಆಕಾರ ಇಲ್ಲಿ ಮುಖ್ಯ. ಚೂಪಾಗಿ ಕತ್ತರಿಸುವ ತುದಿಯ ಬದಲು ಪೆನ್ಸಿಲ್ ಮೊನೆಯಂಥ ತುದಿ ಬಳಸಿದರೆ ತಲೆನೋವು ಬರುವ ಪ್ರಮಾಣ ಶೇ. 11ರ ಸುತ್ತಮುತ್ತಲಿಂದ ಶೇ. 4ಕ್ಕೆ ಇಳಿದದ್ದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡಿತು. "ಯಾವ ಸೂಜಿ ಬಳಸುತ್ತೀರಿ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಪ್ಲೇಟ್ಲೆಟ್ ತುಂಬಾ ಕಡಿಮೆ ಇರುವವರು, ತಲೆಯೊಳಗೆ ಒತ್ತಡ ಏರಿರುವವರು ಮೊದಲೇ ಹೇಳಲೇಬೇಕು.

ಕಣ್ಣಿಗೆ ಬೀಳದ ಇನ್ನೊಂದು ಅಂಶ ಟ್ಯೂಬ್. ಅಮೈಲಾಯ್ಡ್ 42 ಮಿದುಳಿಗಷ್ಟೇ ಅಲ್ಲ, ಗಾಜಿಗೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ. ತಪ್ಪು ಟ್ಯೂಬಿನಲ್ಲಿ ಹಿಡಿದರೆ, ಅಥವಾ ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿದರೆ, ಪ್ರತಿ ಸಲವೂ ಒಂದಿಷ್ಟು ಗೋಡೆಗೆ ಅಂಟಿ ಉಳಿಯುತ್ತದೆ. ಯಂತ್ರಕ್ಕೆ ಬರುವ ಹೊತ್ತಿಗೆ ಅಳತೆ ಕಡಿಮೆ. ಕಾಯಿಲೆ ಇಲ್ಲದವರ ವರದಿ ಕಾಯಿಲೆಯ ವರದಿಯಂತೆ ಕಾಣುತ್ತದೆ! ಅದಕ್ಕೇ ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಟ್ಯೂಬಿಗೆ ನೇರವಾಗಿ ಹನಿ ಬೀಳಿಸಿಕೊಂಡು, ಅದೇ ಟ್ಯೂಬನ್ನು ಲ್ಯಾಬಿಗೆ ಕಳಿಸುವುದು ಸರಿಯಾದ ಪದ್ಧತಿ. ಅನುಪಾತ ನೋಡಿದರೆ ಈ ತಪ್ಪು ಸ್ವಲ್ಪ ಸರಿಹೋಗುತ್ತದೆ, ಯಾಕೆಂದರೆ 40 ಕೂಡ ಒಂದಿಷ್ಟು ಅಂಟಿಕೊಂಡಿರುತ್ತದೆ.

ಇಷ್ಟೆಲ್ಲ ರಗಳೆ ಇದ್ದರೂ ಬೆನ್ನಿನ ನೀರಿಗೆ ಒಂದು ದೊಡ್ಡ ಅನುಕೂಲ ಇದೆ. ಒಂದೇ ಸಲ ತೆಗೆದ ನೀರಿನಲ್ಲಿ ಅಮೈಲಾಯ್ಡ್, ಪಿ-ಟೌ, ಒಟ್ಟು ಟೌ, ಸೋಂಕು, ಉರಿಯೂತ, ಮುಂದೆ ಹೇಳುವ ಲೂಯಿ ಬಾಡಿ, ಪ್ರಿಯಾನ್ ಅನ್ನುವ ಬೇರೆ ಮಿದುಳಿನ ಕಾಯಿಲೆಗಳು ಎಲ್ಲವನ್ನೂ ನೋಡಬಹುದು. ವಯಸ್ಸು ಐವತ್ತೈದರೊಳಗೆ ಇದ್ದರೆ, ಕಾಯಿಲೆ ತಿಂಗಳುಗಳಲ್ಲೇ ಓಡುತ್ತಿದ್ದರೆ, ಅಥವಾ ಚಿತ್ರಣವೇ ವಿಚಿತ್ರವಾಗಿದ್ದರೆ ನನ್ನ ಆಯ್ಕೆ ಇದೇ. ಅಂಥ ಕಡೆ ರಕ್ತ ಪರೀಕ್ಷೆ ಮಾಡಿ ಕಾಲ ಕಳೆಯುವುದು ಬೇಡ.

ರಕ್ತ: ಹೊಸಬ, ಚುರುಕು, ಆದರೆ ಮಾತಿನ ಮೇಲೆ ಕಣ್ಣಿರಲಿ

ರಕ್ತದಲ್ಲಿ ಈ ಪ್ರೋಟೀನುಗಳು ಇರುವುದೇ ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಅಷ್ಟು ಸಣ್ಣದನ್ನು ಹಿಡಿಯುವ ಯಂತ್ರಗಳು ಬಂದ ಮೇಲೆಯೇ ಇದು ಸಾಧ್ಯವಾಯಿತು.

ರಕ್ತದಲ್ಲೂ ಮೊದಲು ನೋಡಿದ್ದು ಅಮೈಲಾಯ್ಡ್ ಅನುಪಾತವನ್ನೇ. ಅಲ್ಲಿ ಒಂದು ಪೇಚಾಟ. ಅಮೈಲಾಯ್ಡ್ ಬರೀ ಮಿದುಳಿನಿಂದ ಬರುವುದಲ್ಲ, ಪ್ಲೇಟ್ಲೆಟ್ಟುಗಳಿಂದಲೂ ಬೇರೆ ಅಂಗಗಳಿಂದಲೂ ಬರುತ್ತದೆ. ಹಾಗಾಗಿ ಕಾಯಿಲೆ ಇದ್ದಾಗ ಬೆನ್ನಿನ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುವ ಅನುಪಾತ ರಕ್ತದಲ್ಲಿ ಇಳಿಯುವುದು ಶೇ. 8ರಿಂದ 15ರಷ್ಟು ಮಾತ್ರ. ಯಂತ್ರದ ಅಳತೆ ಆ ದಿನ ಸ್ವಲ್ಪ ಆಚೀಚೆ ಆದರೂ ಸಾಕು, "ಇದೆ" ಅನ್ನುವುದು "ಇಲ್ಲ" ಆಗಿಬಿಡುತ್ತದೆ.

ಪಿ-ಟೌ 217 ಹಾಗಲ್ಲ. ಕಾಯಿಲೆ ಇರುವವರಲ್ಲಿ ಅದು ಹಲವು ಪಟ್ಟು ಏರುತ್ತದೆ. ಅಂತರ ದೊಡ್ಡದಿದ್ದಾಗ ಸಣ್ಣ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಇವತ್ತು ರಕ್ತದ ಗುರುತುಗಳಲ್ಲಿ ಒಂದನ್ನೇ ಆರಿಸು ಅಂದರೆ ಕಣ್ಣು ಮುಚ್ಚಿಕೊಂಡು ಆರಿಸಬಹುದಾದದ್ದು ಇದು. 181 ಎರಡನೇ ಸ್ಥಾನದಲ್ಲಿದೆ.

2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಸಲ ರಕ್ತದ ಪರೀಕ್ಷೆಯೊಂದಕ್ಕೆ ಅನುಮತಿ ಕೊಟ್ಟಿತು. ಫ್ಯೂಜಿರೆಬಿಯೊ ಕಂಪನಿಯ ಲೂಮಿಪಲ್ಸ್, ಪಿ-ಟೌ 217 ಮತ್ತು ಅಮೈಲಾಯ್ಡ್ 42ರ ಅನುಪಾತ. 499 ಜನರ ಮಾದರಿಗಳಲ್ಲಿ "ಇದೆ" ಅಂತ ಬಂದವರಲ್ಲಿ ಶೇ. 91.7 ಜನರಿಗೆ ಮಿದುಳಿನ ಅಮೈಲಾಯ್ಡನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನ್ ಅಥವಾ ಬೆನ್ನಿನ ನೀರಿನಲ್ಲೂ ಅಮೈಲಾಯ್ಡ್ ಸಿಕ್ಕಿತು. "ಇಲ್ಲ" ಅಂತ ಬಂದವರಲ್ಲಿ ಶೇ. 97.3 ಜನರಿಗೆ ಅಲ್ಲೂ ಇರಲಿಲ್ಲ. ಹೌದೂ ಅಲ್ಲದ, ಅಲ್ಲವೂ ಅಲ್ಲದ ನಡುಬೀದಿಯಲ್ಲಿ ಉಳಿದವರು ಶೇ. 20ಕ್ಕಿಂತ ಕಡಿಮೆ. ಈ ಅನುಮತಿ ಯಾರಿಗೆ ಅನ್ನುವುದನ್ನು ಗಮನಿಸಿ: 55 ದಾಟಿದ, ಮರೆವಿನ ಲಕ್ಷಣ ಇರುವ, ಪರಿಣತರು ನೋಡುತ್ತಿರುವ ರೋಗಿಗಳಿಗೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೋಶ್ ಕಂಪನಿಯ ಪಿ-ಟೌ 181 ಪರೀಕ್ಷೆಗೂ ಒಪ್ಪಿಗೆ ಸಿಕ್ಕಿತು. ಅದರ ಕೆಲಸ ಬೇರೆ. ಮೊದಲ ಹಂತದ ವೈದ್ಯರ ಬಳಿ "ಅಲ್ಝೈಮರ್ಸ್ ಇರಲಿಕ್ಕಿಲ್ಲ" ಅಂತ ಹೇಳೋಕೆ.

ನಡುಬೀದಿಯಲ್ಲಿ ಬಿದ್ದವರು ಏನು ಮಾಡಬೇಕು? ಅದೇ ರಕ್ತ ಪರೀಕ್ಷೆಯನ್ನು ಮರುವಾರ ಮತ್ತೆ ಮಾಡಿಸುವುದು ಉತ್ತರ ಅಲ್ಲ. ಬೆನ್ನಿನ ನೀರು ಅಥವಾ ಅಮೈಲಾಯ್ಡ್ ಪೆಟ್ ಸ್ಕ್ಯಾನಿಗೆ ಹೋಗಬೇಕು.

2025ರ ಜುಲೈನಲ್ಲಿ ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ತಜ್ಞ ವೈದ್ಯರಿಗೆ ಒಂದು ಅಳತೆಗೋಲು ಕೊಟ್ಟಿತು. ಕಾಯಿಲೆ ಇರುವವರನ್ನು ಹಿಡಿಯುವುದರಲ್ಲಿ ಶೇ. 90, ಇಲ್ಲದವರನ್ನು ಬಿಡುವುದರಲ್ಲಿ ಶೇ. 75 ದಾಟಿದ ರಕ್ತ ಪರೀಕ್ಷೆ ಮೊದಲ ಜರಡಿಯಾಗಿ ಸಾಕು. ಎರಡರಲ್ಲೂ ಶೇ. 90 ದಾಟಿದರೆ ಪೆಟ್ ಸ್ಕ್ಯಾನ್ ಅಥವಾ ಬೆನ್ನಿನ ನೀರಿನ ಬದಲಿಗೇ ಬಳಸಬಹುದು. ಮಾರುಕಟ್ಟೆಯಲ್ಲಿ ಇರುವ ಎಲ್ಲ ಪರೀಕ್ಷೆಗಳೂ ಈ ಗೆರೆ ದಾಟುವುದಿಲ್ಲ. "ಪಿ-ಟೌ 217" ಅನ್ನುವ ಹೆಸರು ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಗುಣಮಟ್ಟ ಬೇರೆ.

ಒಂದೇ ಪರೀಕ್ಷೆ, ಎರಡು ಕೊಠಡಿ

ಇದನ್ನು ಲೆಕ್ಕ ಹಾಕಿಯೇ ನೋಡೋಣ, ಯಾಕೆಂದರೆ ಇಲ್ಲೇ ಜನ ಜಾಸ್ತಿ ಎಡವುವುದು. ಎರಡೂ ಕಡೆ ಶೇ. 90 ಸರಿ ಹೇಳುವ ಪರೀಕ್ಷೆ ಇದೆ ಅಂದುಕೊಳ್ಳಿ.

ಮೊದಲ ಕೊಠಡಿ ಮರೆವಿನ ಕ್ಲಿನಿಕ್. ಬಂದ 100 ಜನರಲ್ಲಿ 60 ಜನರಿಗೆ ನಿಜವಾಗಿ ಕಾಯಿಲೆ ಇದೆ. ಪರೀಕ್ಷೆ 54 ಜನರನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದ 40ರಲ್ಲಿ 4 ಜನರಿಗೂ ತಪ್ಪಾಗಿ "ಇದೆ" ಅನ್ನುತ್ತದೆ. ಒಟ್ಟು 58 "ಇದೆ"ಗಳಲ್ಲಿ 54 ಸರಿ. ನಂಬಬಹುದು.

ಎರಡನೇ ಕೊಠಡಿಯಲ್ಲಿ ಕುತೂಹಲಕ್ಕೆ ಬಂದ 100 ಆರೋಗ್ಯವಂತರು. 10 ಜನರಲ್ಲಿ ಮಾತ್ರ ಆ ಬದಲಾವಣೆ ಇದೆ. ಪರೀಕ್ಷೆ 9 ಜನರನ್ನು ಹಿಡಿಯುತ್ತದೆ. ಉಳಿದ 90ರಲ್ಲಿ 9 ಜನರಿಗೆ ತಪ್ಪು ಹೇಳುತ್ತದೆ. ಒಟ್ಟು 18 "ಇದೆ", ಅದರಲ್ಲಿ ಅರ್ಧ ಸುಳ್ಳು. ಯಂತ್ರ ಅದೇ, ರಕ್ತ ತೆಗೆದ ಸೂಜಿಯೂ ಅದೇ. ಬದಲಾಗಿದ್ದು ಬಂದು ಕೂತ ಜನ.

ಸರಿಯಾಗಿಯೇ "ಇದೆ" ಅಂತ ಬಂದರೂ ಮುಂದೆ ಏನು? ಮರೆವಿನ ಲಕ್ಷಣ ಒಂದೂ ಇಲ್ಲದವರಲ್ಲೂ 50ರ ವಯಸ್ಸಿನಲ್ಲಿ ಸುಮಾರು ಶೇ. 10, 90ರ ವಯಸ್ಸಿನಲ್ಲಿ ಶೇ. 44 ಜನರಲ್ಲಿ ಅಮೈಲಾಯ್ಡ್ ಕಾಣುತ್ತದೆ ಅಂತ 2015ರ ದೊಡ್ಡ ವಿಶ್ಲೇಷಣೆ ಹೇಳಿದೆ. ಅವರಲ್ಲಿ ಎಷ್ಟೋ ಜನ ಮರೆವಿಲ್ಲದೇ ಬದುಕು ಮುಗಿಸುತ್ತಾರೆ. ಇಂಥವರನ್ನು ರೋಗಿ ಅನ್ನಬೇಕಾ ಅನ್ನುವುದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಅಲ್ಝೈಮರ್ಸ್ ಅಸೋಸಿಯೇಷನ್ನಿನ 2024ರ ಮಾನದಂಡ ಗುರುತು ಸಿಕ್ಕರೆ ಸಾಕು, ಕಾಯಿಲೆಯೇ ಅನ್ನುತ್ತದೆ. ಇಂಟರ್‌ನ್ಯಾಷನಲ್ ವರ್ಕಿಂಗ್ ಗ್ರೂಪ್ ಅನ್ನುವ ಇನ್ನೊಂದು ಗುಂಪು, ಲಕ್ಷಣ ಇಲ್ಲದಿದ್ದರೆ ಅದು ಬರೀ ಅಪಾಯ, ಕಾಯಿಲೆ ಅಲ್ಲ ಅನ್ನುತ್ತದೆ. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಆದರೆ ಲಕ್ಷಣ ಇಲ್ಲದವರಿಗೆ ಸದ್ಯ ಈ ಪರೀಕ್ಷೆ ಬೇಡ ಅನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಎರಡನೇ ಪ್ರಶ್ನೆ: ಪೆಟ್ಟು ಬಿದ್ದಿದೆಯಾ?

ಐವತ್ತೆರಡು ವರ್ಷದ ಒಬ್ಬರು. ನೆನಪು ಚೆನ್ನಾಗಿದೆ. ಆದರೆ ಒಂದು ವರ್ಷದಿಂದ ಎದುರಿನವರಿಗೆ ನೋವಾಗುವ ಹಾಗೆ ಮಾತಾಡುತ್ತಾರೆ, ಹೆಂಡತಿ ಅತ್ತರೂ ಮುಖದಲ್ಲಿ ಏನೂ ಇಲ್ಲ. ಮನೆಯವರಿಗೆ ಇದು ಮಾನಸಿಕ ಕಾಯಿಲೆಯೋ, ಮಿದುಳಿನ ಮುಂಭಾಗ ಸವೆಯುವ ಎಫ್‌ಟಿಡಿ ಅನ್ನುವ ಡಿಮೆನ್ಷಿಯಾವೋ (ಬುದ್ಧಿ ಕುಂದಿಸುವ ಕಾಯಿಲೆ) ಗೊತ್ತಿಲ್ಲ. ಇಲ್ಲಿ ಪಿ-ಟೌ ಹೆಚ್ಚು ಕೆಲಸಕ್ಕೆ ಬಾರದು. ಬೇಕಾದದ್ದು ಎನ್‌ಎಫ್‌ಎಲ್, ಅಂದರೆ ನ್ಯೂರೋಫಿಲಮೆಂಟ್ ಲೈಟ್.

ಇದು ನರತಂತುಗಳ ಒಳಗಿನ ಹಂದರದ ಒಂದು ತುಂಡು. ತಂತು ಒಡೆದಾಗ ಹೊರಗೆ ಬೀಳುತ್ತದೆ. ಯಾಕೆ ಒಡೆಯಿತು ಅಂತ ಹೇಳುವುದಿಲ್ಲ, ಒಡೆಯಿತು ಅಂತ ಮಾತ್ರ ಹೇಳುತ್ತದೆ. ಎಫ್‌ಟಿಡಿ, ಎಎಲ್‌ಎಸ್, ಸಿಜೆಡಿಯಲ್ಲಿ (ಮೊದಲನೆಯದನ್ನು ಮೇಲೆ ನೋಡಿದೆವು, ಎರಡನೆಯದು ಸ್ನಾಯು ನಡೆಸುವ ನರಗಳು ಸಾಯುವ ಕಾಯಿಲೆ, ಮೂರನೆಯದು ಮಿದುಳನ್ನು ಬೇಗ ಕೆಡಿಸುವಂಥದ್ದು) ತುಂಬಾ ಏರುತ್ತದೆ, ಅಲ್ಝೈಮರ್ಸ್‌ನಲ್ಲಿ ಅಷ್ಟು ಏರುವುದಿಲ್ಲ, ಖಿನ್ನತೆಯಂಥ ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚುಕಡಿಮೆ ಮಾಮೂಲಿಯಾಗೇ ಇರುತ್ತದೆ. ಮೇಲಿನ ವ್ಯಕ್ತಿಯಲ್ಲಿ ಎನ್‌ಎಫ್‌ಎಲ್ ವಯಸ್ಸಿಗೆ ತಕ್ಕಷ್ಟೇ ಇದ್ದರೆ ಮನೋವೈದ್ಯರ ದಾರಿ ಗಟ್ಟಿಯಾಗುತ್ತದೆ. ಜೋರಾಗಿ ಏರಿದ್ದರೆ ನರವೈದ್ಯರನ್ನು ಬಿಡುವ ಹಾಗಿಲ್ಲ. ವಯಸ್ಸಾದಂತೆ ಇದು ತಾನಾಗೇ ಏರುತ್ತದೆ, ಆದ್ದರಿಂದ ಎಂಬತ್ತು ದಾಟಿದವರಲ್ಲಿ ಇದರ ಉಪಯೋಗ ಕಮ್ಮಿ.

ಜಿಎಫ್‌ಎಪಿ ಅಂತ ಇನ್ನೊಂದಿದೆ. ನರಕೋಶಗಳನ್ನು ನೋಡಿಕೊಳ್ಳುವ ಆಸ್ಟ್ರೋಸೈಟ್‌ಗಳು ಕೆರಳಿದಾಗ ಏರುತ್ತದೆ, ವಿಚಿತ್ರ ಅಂದರೆ ಬೆನ್ನಿನ ನೀರಿಗಿಂತ ರಕ್ತದಲ್ಲೇ ಚೆನ್ನಾಗಿ ಕಾಣುತ್ತದೆ. ತಲೆಗೆ ಪೆಟ್ಟಾದಾಗಲೂ ಏರುತ್ತದೆ. ಸಂಶೋಧನೆಗೆ ಚೆನ್ನ, ಒಬ್ಬ ರೋಗಿಯ ನಿರ್ಧಾರಕ್ಕೆ ಇದನ್ನೊಂದನ್ನೇ ನೆಚ್ಚಿಕೊಳ್ಳುವುದು ಬೇಡ.

ಮೂರನೇ ಪ್ರಶ್ನೆ: ಅಲ್ಝೈಮರ್ಸ್ ಅಲ್ಲದಿದ್ದರೆ?

ಇಲ್ಲಿ ಬೆನ್ನಿನ ನೀರು ಮತ್ತೆ ಗೆಲ್ಲುತ್ತದೆ. ಲೂಯಿ ಬಾಡಿ ಡಿಮೆನ್ಷಿಯಾದಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಅನ್ನುವ ಪ್ರೋಟೀನ್ ತಪ್ಪಾಗಿ ಮಡಚಿಕೊಂಡಿರುತ್ತದೆ. ಅದನ್ನು ಹುಡುಕುವ ಸೀಡ್ ಆಂಪ್ಲಿಫಿಕೇಶನ್ ಪರೀಕ್ಷೆಯಲ್ಲಿ ರೋಗಿಯ ನೀರಿಗೆ ಒಳ್ಳೆಯ ಪ್ರೋಟೀನ್ ಸೇರಿಸಿ, ಅಲುಗಾಡಿಸಿ, ಕಾಯುತ್ತಾರೆ. ಕೆಟ್ಟದ್ದರ ಒಂದು ಕಿಡಿ ಇದ್ದರೂ ಒಳ್ಳೆಯದೆಲ್ಲ ಅದರಂತೆ ಮಡಚಿಕೊಳ್ಳುತ್ತ ಹೋಗುತ್ತದೆ. ಕಿಡಿ ಇಲ್ಲದಿದ್ದರೆ ಏನೂ ಹತ್ತಿಕೊಳ್ಳುವುದಿಲ್ಲ. ಉತ್ತರ "ಇದೆ" ಅಥವಾ "ಇಲ್ಲ", ಎಷ್ಟು ಅಂತಲ್ಲ. ಕಣ್ಣಿಗೆ ಇಲ್ಲದ್ದು ಕಾಣುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ನಡಿಗೆ ನಿಧಾನವಾಗುವುದು ಇದ್ದರೆ ಈ ಪರೀಕ್ಷೆ ಕೇಳಬೇಕು. ಲೂಯಿ ಬಾಡಿ ಇರುವ ಬಹಳಷ್ಟು ಜನರಲ್ಲಿ ಅಮೈಲಾಯ್ಡ್ ಕೂಡ ಇರುತ್ತದೆ. ಪಿ-ಟೌ ಏರಿದೆ ಅಂತ ಅಲ್ಝೈಮರ್ಸ್ ಅಂತ ಮುಗಿಸಿಬಿಟ್ಟರೆ, ಕೆಲವು ಮನೋರೋಗದ ಔಷಧಿಗಳು ಇವರಿಗೆ ತೀವ್ರವಾಗಿ ತಿರುಗಿಬೀಳುತ್ತವೆ ಅನ್ನುವ ಎಚ್ಚರ ತಪ್ಪಿಹೋಗುತ್ತದೆ.

ಇದೇ ತಂತ್ರದ ಅಣ್ಣ ಆರ್‌ಟಿ-ಕ್ವಿಕ್. ವಾರಗಳಲ್ಲಿ ಮನುಷ್ಯನನ್ನು ಕೆಡವುವ ಸಿಜೆಡಿ ಎಂಬ ಪ್ರಿಯಾನ್ (ತಪ್ಪಾಗಿ ಮಡಚಿಕೊಂಡು ಹರಡುವ ಪ್ರೋಟೀನ್) ಕಾಯಿಲೆಗೆ. 14-3-3 ಅನ್ನುವ ಪ್ರೋಟೀನನ್ನು ಅಳೆಯುವ ಹಳೆಯ ಪರೀಕ್ಷೆ ಮಿದುಳಿನ ಉರಿಯೂತಕ್ಕೂ ಏರುತ್ತಿತ್ತು, ಇದು ಹಾಗೆ ಮೋಸ ಮಾಡುವುದು ಬಹಳ ಅಪರೂಪ.

ಎಫ್‌ಟಿಡಿಗೆ ನೇರ ಗುರುತು ಇನ್ನೂ ಇಲ್ಲ. ಒಂದು ಬಗೆಯಲ್ಲಿ, ಜಿಆರ್‌ಎನ್ ವಂಶವಾಹಿ ಕೆಟ್ಟಿದ್ದರೆ, ರಕ್ತದಲ್ಲಿ ಪ್ರೋಗ್ರಾನ್ಯುಲಿನ್ ಅನ್ನುವ ಪ್ರೋಟೀನ್ ತುಂಬಾ ಇಳಿದಿರುತ್ತದೆ, ಅಷ್ಟು ಸುಲಭ. ಉಳಿದ ಬಹಳಷ್ಟು ಕಡೆ ಟಿಡಿಪಿ-43 ಅನ್ನುವ ಪ್ರೋಟೀನ್ ಇದೆ, ಅದಕ್ಕೆ ಕ್ಲಿನಿಕ್ಕಿನಲ್ಲಿ ನಂಬಬಹುದಾದ ದ್ರವ ಪರೀಕ್ಷೆ ಬಂದಿಲ್ಲ. ರಕ್ತನಾಳದ ಡಿಮೆನ್ಷಿಯಾಕ್ಕೆ ಎಂಆರ್‌ಐ ನೋಡಿ, ಟ್ಯೂಬ್ ಬೇಡ.

ಲೆಕ್ಕ ಕೆಡಿಸುವವರು

ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಪಿ-ಟೌ, ಎನ್‌ಎಫ್‌ಎಲ್ ಎರಡೂ ರಕ್ತದಲ್ಲಿ ಉಳಿದು ಜಾಸ್ತಿ ತೋರಿಸುತ್ತವೆ. ತೂಕ ತುಂಬಾ ಇದ್ದರೆ ರಕ್ತದ ಪ್ರಮಾಣವೂ ಜಾಸ್ತಿ, ಅದರಲ್ಲಿ ಇವು ತೆಳುವಾಗಿ ಕಡಿಮೆ ತೋರಿಸುತ್ತವೆ. ಹೃದಯ ಸೋತವರಿಗೆ ಕೊಡುವ ಸ್ಯಾಕುಬಿಟ್ರಿಲ್ ಇರುವ ಮಾತ್ರೆ ಅಮೈಲಾಯ್ಡ್ ಕತ್ತರಿಸುವ ಕಿಣ್ವವನ್ನೇ ತಡೆಯುತ್ತದೆ, ಅದರಿಂದ ರಕ್ತದ 42/40 ಅನುಪಾತ ಸುಳ್ಳು ಹೇಳುತ್ತದೆ. ಎಎಲ್‌ಎಸ್‌ನಲ್ಲೂ ಪಿ-ಟೌ ಏರಬಹುದು, ಅಲ್ಲಿ ಅದು ಬರುವುದು ಸ್ನಾಯುಗಳಿಂದ. ಇನ್ನೂ ಆಶ್ಚರ್ಯ ಬೇಕಾ? ಆಗತಾನೇ ಹುಟ್ಟಿದ ಮಕ್ಕಳ ರಕ್ತದಲ್ಲಿ ಪಿ-ಟೌ 217 ಅಲ್ಝೈಮರ್ಸ್ ರೋಗಿಗಳಿಗಿಂತ ಜಾಸ್ತಿ ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ.

ಆದ್ದರಿಂದ ರಕ್ತ ಕೊಡುವಾಗ ಮಾತ್ರೆಗಳ ಪಟ್ಟಿ ಮತ್ತು ಕಿಡ್ನಿ ಹೇಗಿದೆ ಅಂತ ಹೇಳುವ ಇತ್ತೀಚಿನ ಕ್ರಿಯಾಟಿನಿನ್ ವರದಿ ಜೊತೆಗಿರಲಿ. ಕಿಡ್ನಿ ಕಾಯಿಲೆ ಜೋರಾಗಿದ್ದರೆ ಬೆನ್ನಿನ ನೀರು ಅಥವಾ ಪೆಟ್ ಸ್ಕ್ಯಾನ್ ಮೇಲು.

ಚಿಕಿತ್ಸೆ ಕಣ್ಣೆದುರಿಗೆ ಇದ್ದರೆ

ಲೆಕಾನೆಮಾಬ್ (2023ರ ಜುಲೈನಲ್ಲಿ ಎಫ್‌ಡಿಎ ಪೂರ್ಣ ಅನುಮತಿ) ಮತ್ತು ಡೊನಾನೆಮಾಬ್ (2024ರ ಜುಲೈ) ಅಮೈಲಾಯ್ಡನ್ನು ಕರಗಿಸುವ ಔಷಧಿಗಳು. ಕಾಯಿಲೆಯ ಆರಂಭದಲ್ಲಿ ಮಾತ್ರ ಕೊಡುತ್ತಾರೆ, ಮಿದುಳಿನಲ್ಲಿ ಅಮೈಲಾಯ್ಡ್ ಇದೆ ಅನ್ನುವ ಪುರಾವೆ ಬೇಕು. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಇವುಗಳ ಅಡ್ಡಪರಿಣಾಮ. ಎಪಿಒಇ 4 ಅನ್ನುವ ವಂಶವಾಹಿಯ ಎರಡು ಪ್ರತಿ ಇರುವವರಲ್ಲಿ ಇದು ಜಾಸ್ತಿ, ಹಾಗಾಗಿ ಚಿಕಿತ್ಸೆಗೆ ಮೊದಲು ಆ ಪರೀಕ್ಷೆಯೂ ಬರುತ್ತದೆ. ಈ ಎಪಿಒಇ ಪರೀಕ್ಷೆಯನ್ನು ಕಾಯಿಲೆ ಪತ್ತೆಗೆ ಮಾಡಿಸಬೇಡಿ. ಅದು ಅಪಾಯ ಎಷ್ಟು ಅಂತ ಹೇಳುತ್ತದೆ, ಕಾಯಿಲೆ ಇದೆ ಅಂತ ಹೇಳುವುದಿಲ್ಲ.

ಇಂಥ ಔಷಧಿ ಶುರು ಮಾಡುವ ಮಾತಿದ್ದರೆ, ರಕ್ತದ ಉತ್ತರ ಅಂಚಿನಲ್ಲಿದ್ದಾಗ ಬೆನ್ನಿನ ನೀರು ಅಥವಾ ಪೆಟ್ ಮಾಡಿಸದೆ ಮುಂದುವರಿಯಬೇಡಿ. ಔಷಧಿಯ ಮಾತೇ ಇಲ್ಲದ, ಕಾಯಿಲೆ ತುಂಬಾ ಮುಂದುವರಿದ ವೃದ್ಧರಿಗೆ ಈ ಯಾವುದೂ ಬೇಕಾ ಅಂತ ವೈದ್ಯರನ್ನು ನೇರವಾಗಿ ಕೇಳಿ. ಉತ್ತರದಿಂದ ಆರೈಕೆ ಬದಲಾಗದಿದ್ದರೆ ಚುಚ್ಚಿಸಿಕೊಳ್ಳುವುದು ಯಾಕೆ?

ಲಾಲಾರಸ, ಮೂತ್ರ, ಕಣ್ಣೀರಿನ ಪರೀಕ್ಷೆಗಳ ಸುದ್ದಿ ಬರುತ್ತಿರುತ್ತದೆ. ಯಾವುದೂ ನಿರ್ಧಾರಕ್ಕೆ ಬಳಸುವ ಮಟ್ಟಕ್ಕೆ ಬಂದಿಲ್ಲ. ಬೆರಳು ಚುಚ್ಚಿ ಕಾಗದದ ಮೇಲೆ ಒಣಗಿಸಿದ ರಕ್ತದಲ್ಲಿ ಪಿ-ಟೌ 217 ಅಳೆಯುವ ಪ್ರಯತ್ನ ಮಾತ್ರ ನೋಡುವಂತಿದೆ, ಅದೂ ಸದ್ಯಕ್ಕೆ ಸಂಶೋಧನೆಗೇ.

ಕೊನೆಗೆ ವರದಿ ಕೈಗೆ ಬಂದಾಗ. ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದು ಲ್ಯಾಬಿನ ಸಂಖ್ಯೆಯ ಪಕ್ಕ ಇಟ್ಟು "ಏರಿದೆ, ಇಳಿದಿದೆ" ಅನ್ನಬೇಡಿ, ಯಂತ್ರ ಬೇರೆಯಾದರೆ ಅಳತೆಯೇ ಬೇರೆ. ವರದಿಯಲ್ಲಿ ಯಂತ್ರದ ಹೆಸರು, ಆ ಯಂತ್ರದ ಮಿತಿ, ಮಾದರಿ ತೆಗೆದ ದಿನ ಈ ಮೂರೂ ಇವೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ. ಅದಿಲ್ಲದೆ ಹೋದರೆ ಎರಡನೇ ವೈದ್ಯರು ಮತ್ತೆ ಮೊದಲಿಂದ ಸೂಜಿ ಹಿಡಿಯುತ್ತಾರೆ.